ಇಬ್ಬರ ಬೆನ್ನ ಮೇಲೊಂದು ಬಿಡಾರ

ನಿಟ್ಟೂರು ಸೀಮೆಯವರಿಗೆ ಹಿಮ ಗೊತ್ತಿಲ್ಲದಿದ್ದರೂ ಒದ್ದೆ ಚೆನ್ನಾಗಿ ಗೊತ್ತು. ಆರಿದ್ರೆಗೆ ಹಿಡಿದ ಮಳೆ ಪುಷ್ಯ ಕಳೆದರೂ ಬಿಡದೆ ಹೊಯ್ಯುವ ಊರಿದು. ಒಗೆದ ಬಟ್ಟೆ ಬಚ್ಚಲ ಒಲೆಯ ಹೊಗೆಯಲ್ಲೇ ಒಣಗಬೇಕು, ಗದ್ದೆ ಕೆಲಸ ಕಂಬಳಿಕೊಪ್ಪೆಯೊಳಗೇ ನಡೆಯಬೇಕು. ಹಿಮಾಲಯದ ಚಾರಣದ ಆಸೆ ಹತ್ತಿದ ಮಲೆನಾಡಿನ ಗಂಡ-ಹೆಂಡತಿಯರು ಮಾತ್ರ ಕೇಳುವ ಮೊದಲ ಪ್ರಶ್ನೆ, 'ಅಲ್ಲಿಯ ಚಳಿ ನಮಗೆ ತಡೆಯುತ್ತದಾ ಮಾರಾಯ್ರೆ?' ಎಂಬುದೇ. ಚಳಿಗೆ ಬಟ್ಟೆಯಿದೆ. ಅಲ್ಲಿ ಮನುಷ್ಯನನ್ನು ನಿಜವಾಗಿ ಕಾಡುವುದು ಒದ್ದೆ. ಅದನ್ನು ದೂರ ಇಡುವ ವಿದ್ಯೆಯಲ್ಲಿ ನಮ್ಮವರು ಅರ್ಧ ಪಾಸಾದವರೇ.

ನಮ್ಮ ಕೊಡಚಾದ್ರಿ ಬೆಟ್ಟದ ಎತ್ತರ 1,343 ಮೀಟರ್. ಉತ್ತರಾಖಂಡದ ಕೇದಾರಕಂಠ ಅದರ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ, ಸುಮಾರು 3,800 ಮೀಟರ್. ಡೆಹ್ರಾಡೂನ್‌ನಿಂದ ಇಡೀ ಹಗಲು ವಾಹನದಲ್ಲಿ ಕೂತು ಸಾಂಕ್ರಿ ಎಂಬ ಹಳ್ಳಿ ಸೇರಿದರೆ ಅಲ್ಲಿಂದ ನಡಿಗೆ ಶುರು. ಚಳಿಗಾಲದಲ್ಲೂ ಹತ್ತಬಹುದಾದ ಹಿಮದ ಬೆಟ್ಟವಾದ್ದರಿಂದ ಹೊಸಬರು ಹೆಚ್ಚಾಗಿ ಇದನ್ನೇ ಆರಿಸಿಕೊಳ್ಳುತ್ತಾರೆ. ಟಿಕೆಟ್ಟು, ಪರವಾನಗಿ, ಸ್ಥಳೀಯ ಮಾರ್ಗದರ್ಶಿ ಇವೆಲ್ಲ ಹೇಗೋ ಆಗುತ್ತವೆ. ಕಸುಬು ಇರುವುದು ಬೆನ್ನಚೀಲ ಕಟ್ಟುವುದರಲ್ಲಿ.

ಒಬ್ಬನೇ ಹೊರಟವನು ಡೇರೆ, ಒಲೆ, ಪಾತ್ರೆ ಎಲ್ಲವನ್ನೂ ತಾನೇ ಹೊರಬೇಕು. ಇಬ್ಬರಿದ್ದರೆ ಡೇರೆ ಒಂದೇ, ಒಲೆ ಒಂದೇ, ಔಷಧಿ ಪೊಟ್ಟಣವೂ ಒಂದೇ. ದಂಪತಿ ಚಾರಣದ ದೊಡ್ಡ ಲಾಭ ಇದೇ ಎಂದು ನನ್ನ ಎಣಿಕೆ. ಬೆಳದಿಂಗಳು, ಪ್ರಣಯ ಎಲ್ಲ ಆಮೇಲಿನ ಮಾತು. ಹೊರೆ ಮೈತೂಕದ ಕಾಲುಭಾಗ ದಾಟಬಾರದು ಅನ್ನುವುದು ಚಾರಣಿಗರ ಲೆಕ್ಕ. ಅರವತ್ತು ಕಿಲೋ ತೂಗುವವರಿಗೆ ಹದಿನೈದು ಕಿಲೋ, ಅದೂ ಹೆಚ್ಚೆಂದರೆ. ಆದ್ದರಿಂದ ಸಮಪಾಲು ಅಂತ ತಕ್ಕಡಿ ಹಿಡಿಯುವುದು ಇಲ್ಲಿ ನ್ಯಾಯವಲ್ಲ, ಮೈತೂಕ ನೋಡಿ ಹಂಚಬೇಕು. ಡೇರೆಯ ಬಟ್ಟೆ ಒಬ್ಬರಿಗೆ, ಕೋಲು-ಗೂಟ ಇನ್ನೊಬ್ಬರಿಗೆ. ಆದರೆ ಬೆಚ್ಚನೆಯ ಜಾಕೆಟ್, ನೀರು, ಟಾರ್ಚು, ಒಂದು ಹೊತ್ತಿನ ತಿಂಡಿ ಮಾತ್ರ ಅವರವರ ಚೀಲದಲ್ಲೇ ಇರಬೇಕು. ಮಂಜು ಕವಿದು ಅರ್ಧ ಗಂಟೆ ಒಬ್ಬರಿಗೊಬ್ಬರು ಕಾಣದೆ ಹೋದಾಗ ನಿಮ್ಮ ಸ್ವೆಟರ್ ಯಜಮಾನರ ಚೀಲದಲ್ಲಿದ್ದು ಏನು ಉಪಯೋಗ?

ಚೀಲ ತುಂಬುವುದಕ್ಕೂ ಕ್ರಮವಿದೆ. ಒಳಗೆ ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಕೊಟ್ಟೆ ಇಳಿಸಬೇಕು. ಹೊರಗಿನ ಮಳೆಹೊದಿಕೆಯನ್ನು ಗಾಳಿ ಹಾರಿಸಿಕೊಂಡು ಹೋದೀತು, ಒಳಗಿನದು ಎಲ್ಲಿಗೂ ಹೋಗುವುದಿಲ್ಲ. ಗೊಬ್ಬರದ ಚೀಲದ ಪ್ಲಾಸ್ಟಿಕ್ಕನ್ನೇ ಕೊಪ್ಪೆ ಮಾಡಿಕೊಂಡು ನಾಟಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿಗಷ್ಟೇ ಬೇಕಾಗುವ ಮಲಗುಚೀಲ ತಳಕ್ಕೆ. ಭಾರದ ದಿನಸಿ, ಒಲೆ ನಡುಭಾಗದಲ್ಲಿ ಬೆನ್ನಿಗೆ ಒತ್ತಿಕೊಂಡಿರಬೇಕು. ಅವು ಹೊರಮಗ್ಗುಲಿಗೆ ಸರಿದರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಮಳೆ ಜಾಕೆಟ್ ಎಲ್ಲಕ್ಕಿಂತ ಮೇಲೆ. ಹೆಗಲಿಗೇರಿಸಿದ ಮೇಲೆ ಮೊದಲು ಬಿಗಿಯಬೇಕಾದ್ದು ಸೊಂಟದ ಪಟ್ಟಿ, ಹೆಗಲಿನದು ಆಮೇಲೆ. ತಲೆಗೆ ಸಿಂಬೆಯಿಟ್ಟು ಸೊಪ್ಪಿನ ಹೊರೆ ತರುವ ನಮ್ಮ ಹೆಂಗಸರ ಭಾರ ನೆಟ್ಟಗೆ ಬೆನ್ನುಮೂಳೆಗೆ ಇಳಿಯುತ್ತದೆ. ಬೆನ್ನಚೀಲದ್ದು ಸೊಂಟದ ಎಲುಬಿನ ಮೇಲೆ ಕೂರಬೇಕು. ಸಂಜೆ ಹೆಗಲು ನೋಯುತ್ತಿದೆಯೆಂದರೆ ಪಟ್ಟಿ ಸರಿಯಾಗಿ ಕಟ್ಟಿಲ್ಲ ಎಂದೇ ಅರ್ಥ.

ಉಡುಪಿನಲ್ಲಿ ಹತ್ತಿಗೆ, ಜೀನ್ಸಿಗೆ ಜಾಗವಿಲ್ಲ. ಬೆವರು ಕುಡಿದ ಹತ್ತಿಬಟ್ಟೆ ಆರುವುದಿಲ್ಲ, ಮೈಯ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಉಣ್ಣೆಯ ಗುಣ ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಅದು ಒದ್ದೆ ಅನ್ನಿಸುವುದಿಲ್ಲ. ಜಡಿಮಳೆಯಲ್ಲಿ ಕಂಬಳಿ ಹೊದ್ದವರು ಬೆಚ್ಚಗಿರುತ್ತಿದ್ದ ಗುಟ್ಟೂ ಇದೇ. ಬೆವರನ್ನು ಹೊರಗೆ ದಾಟಿಸುವ ತೆಳು ಒಳಂಗಿ, ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ-ನೀರು ತಡೆಯುವ ಜಾಕೆಟ್, ಇಷ್ಟು ಸಾಕು. ಇವನ್ನು ಯಾವಾಗ ಬಿಚ್ಚಬೇಕೆಂದು ತಿಳಿದವರೇ ಪಳಗಿದವರು. ಹೊರಡುವಾಗ ತುಸು ಚಳಿಯಾಗುತ್ತಿರಬೇಕು. ಬೆವರೊಡೆಯುವ ಮುಂಚೆ ಒಂದು ಪದರ ಕಳಚಬೇಕು, ನಿಂತ ಕೂಡಲೇ ತೊಡಬೇಕು. 'ಇನ್ನೊಂದು ತಿರುವು ಹತ್ತಿಬಿಡೋಣ' ಅಂದುಕೊಂಡವರು ಒಳಗಿನಿಂದಲೇ ನೆನೆಯುತ್ತಾರೆ.

ಹಿಮದ ಮೇಲಿನ ನಡಿಗೆಯನ್ನು ಹತ್ತಿರದಿಂದ ನೋಡಬೇಕು. ರಾತ್ರಿ ಗಟ್ಟಿಯಾದ ಹಿಮ ಬೆಳಗಿನ ಜಾವದಲ್ಲಿ ಕಾಲಿಗೆ ಆಧಾರ ಕೊಡುತ್ತದೆ, ಮಧ್ಯಾಹ್ನದ ಬಿಸಿಲಿಗೆ ಅದು ಮೆತ್ತಗಾದಾಗ ಕಾಲು ಮೊಣಕಾಲವರೆಗೂ ಹೂತುಕೊಳ್ಳುತ್ತದೆ. ಅದಕ್ಕೇ ಕತ್ತಲಿರುವಾಗಲೇ ಹೊರಡುವುದು. ಏರುವಾಗ ಬೂಟಿನ ತುದಿಯಿಂದ ಒದ್ದು ಒಂದು ಗೂಡು ಮಾಡಿ ಅದರಲ್ಲಿ ಪಾದ ಊರುತ್ತಾರೆ, ಇಳಿಯುವಾಗ ಹಿಮ್ಮಡಿ ಒತ್ತುತ್ತಾರೆ. ಹಿಂದಿನವರು ಅದೇ ಗೂಡಿನಲ್ಲಿ ಕಾಲಿಟ್ಟರೆ ಅರ್ಧ ಶ್ರಮ ಉಳಿಯಿತು. ಜೋಡಿಯ ಸೊಗಸು ಕಾಣುವುದು ಇಲ್ಲೇ: ಉದ್ದ ಕಾಲಿನವನು ಮುಂದಿದ್ದರೆ ತನ್ನ ಅಳತೆಯ ಹೆಜ್ಜೆ ಕೊರೆಯಬಾರದು, ಹಿಂದೆ ಬರುವವಳ ಅಳತೆಗೆ ಕೊರೆಯಬೇಕು. ಬಲ್ಲವರು ತಿರುಗಿ ನೋಡದೆ, ಕೇಳದೆ ಹಾಗೆ ಕೊರೆಯುತ್ತ ಹೋಗುತ್ತಾರೆ. ವೇಗ ಮಾತ್ರ ಯಾವತ್ತೂ ನಿಧಾನದವರದ್ದೇ. ಕಪ್ಪು ಕನ್ನಡಕ ಮರೆಯುವ ಹಾಗಿಲ್ಲ. ಹೊಸ ಹಿಮ ನೇರಳಾತೀತ ಕಿರಣಗಳನ್ನು ಬಹುಪಾಲು ಹಾಗೇ ಹಿಂದಕ್ಕೆ ಎಸೆಯುತ್ತದೆ.

ಅಡುಗೆಯ ವಿಷಯದಲ್ಲಿ ನಮ್ಮವರು ಅನ್ನದ ಹಟ ಬಿಡಬೇಕು. 3,800 ಮೀಟರಿನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಅಕ್ಕಿ ಬೇಗ ಬೇಯದೆ ಗ್ಯಾಸು ಮುಗಿಯುತ್ತದೆ. ಅವಲಕ್ಕಿಗೆ ಬಿಸಿನೀರೇ ಸಾಕು. ಎತ್ತರಕ್ಕೆ ಹೋದಂತೆ ಹಸಿವು ಸಾಯುತ್ತದೆ, ಆಗ ಚಿಕ್ಕ ಡಬ್ಬಿಯ ಅಪ್ಪೆಮಿಡಿ ಉಪ್ಪಿನಕಾಯಿ ಔಷಧಿಯ ಕೆಲಸ ಮಾಡುತ್ತದೆ. (ತೊಡೆದೇವು ಬೇಡ, ಮೊದಲ ದಿನವೇ ಪುಡಿ.) ಹಿಮ ತಿಂದು ಬಾಯಾರಿಕೆ ನೀಗಿಸಹೋದರೆ ಮೈಯ ಕಾವು ಖರ್ಚಾಗುತ್ತದೆ, ಕರಗಿಸಿ ಕುದಿಸಿಯೇ ಕುಡಿಯಬೇಕು. ಒಲೆಯನ್ನು ಮುಚ್ಚಿದ ಡೇರೆಯೊಳಗೆ ಹಚ್ಚಲೇಬಾರದು, ವಿಷಾನಿಲ ತುಂಬಿ ಪ್ರಾಣ ಹೋಗುತ್ತದೆ.

ಮಲಗುವ ಹೊತ್ತಿಗೆ ನೀರಿನ ಬಾಟಲಿಯನ್ನು ತಲೆಕೆಳಗಾಗಿಸಿ ಇಡುತ್ತಾರೆ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬೆಳಿಗ್ಗೆ ಬಾಯಿ ಕಡೆಯಾದರೂ ನೀರಾಗಿರುತ್ತದೆ. ಟಾರ್ಚಿನ ಬ್ಯಾಟರಿ, ಫೋನು ಮಲಗುಚೀಲದೊಳಗೆ. ಒಂದು ಜೊತೆ ಉಣ್ಣೆಯ ಕಾಲುಚೀಲ ಮಲಗುವುದಕ್ಕೆಂದೇ ಮೀಸಲು, ಹಗಲು ಅದಕ್ಕೆ ಕೈ ಹಚ್ಚುವಂತಿಲ್ಲ.

ಕಲಿಯಲು ದೂರ ಹೋಗಬೇಕಿಲ್ಲ. ಯೂತ್ ಹಾಸ್ಟೆಲ್ಸ್ ಸಂಸ್ಥೆ ಕುಲುವಿನ ಸಾರ್ ಪಾಸ್‌ನಂಥ ಚಾರಣಗಳನ್ನು ಬೇಸಿಗೆಯಲ್ಲಿ ನಡೆಸುತ್ತದೆ. ಅದರ ಘಟಕ ಶಿವಮೊಗ್ಗದಲ್ಲೂ ಇದೆ. ಬೆಂಗಳೂರಿನ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯನ್ನೂ ವಿಚಾರಿಸಬಹುದು. ಅದಕ್ಕೂ ಮೊದಲು, ಮಳೆ ನಿಂತ ಮೇಲೆ ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡು, ಹಿಡ್ಲುಮನೆ ಜಲಪಾತದ ದಾರಿಯಲ್ಲಿ ತುಂಬಿದ ಚೀಲ ಹೊತ್ತು ಇಬ್ಬರೂ ಕೊಡಚಾದ್ರಿ ಹತ್ತಿ ಇಳಿಯಿರಿ. ಜೀಪು ಬೇಡ. ಹಿಮಾಲಯದಲ್ಲಿ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಂತೆ ನೋಡಿಕೊಳ್ಳಿ. ಒಬ್ಬರಿಗೆ ತಲೆನೋವು, ವಾಂತಿ ಹತ್ತಿ ಸುಧಾರಿಸದಿದ್ದರೆ ತುದಿ ಎಷ್ಟೇ ಹತ್ತಿರ ಕಂಡರೂ ಇಬ್ಬರೂ ಕೆಳಗಿಳಿಯಿರಿ.