ಟ್ರೈಲರ್ ಲಾರಿಗೆ ಕೊಂಡಿ ಹಾಕುವ, ಬಿಚ್ಚುವ ಕ್ರಮ

ಬಳ್ಳಾರಿಯಿಂದ ಹಿರಿಯೂರಿಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ, ಬಿ.ಜಿ. ಕೆರೆಗಳನ್ನೂ ಮುಂದೆ ತಳಕನ್ನೂ ದಾಟಿ ಚಳ್ಳಕೆರೆಯನ್ನು ಸೇರುತ್ತದೆ. ಶೇಂಗಾ ಮೂಟೆ ಹೊತ್ತ ಟ್ರಾಕ್ಟರುಗಳೂ ಭಾರೀ ಸರಕಿನ ಉದ್ದನೆಯ ಟ್ರೈಲರ್ ಲಾರಿಗಳೂ ಈ ದಾರಿಯನ್ನು ಹಂಚಿಕೊಳ್ಳುತ್ತವೆ. ಟ್ರಾಕ್ಟರಿನಲ್ಲಿ ಟ್ರೈಲರಿನ ಮೂಕಿಯನ್ನು ಹಿಂಬದಿಯ ಕೊಂಡಿಗೆ ಒಂದು ಪಿನ್ನಿನಿಂದ ಸಿಕ್ಕಿಸಿದರೆ ಕೆಲಸ ಮುಗಿಯುತ್ತದೆ, ಆ ಪಿನ್ನು ಕಣ್ಣಿಗೂ ಕಾಣುತ್ತದೆ. ಟ್ರೈಲರ್ ಲಾರಿಯಲ್ಲಿ ಜೋಡಣೆಯು ಹೊರೆಯ ಅಡಿಯಲ್ಲಿ ಮರೆಯಾಗಿರುತ್ತದೆ.

ಎಳೆಯುವ ಲಾರಿಯ ಹಿಂಭಾಗದ ಮೇಲೆ, ಹಿಂದಕ್ಕೆ ಬಾಯಿ ತೆರೆದಿರುವ, ಕುದುರೆ ಲಾಳದ ಆಕಾರದ ದಪ್ಪ ಉಕ್ಕಿನ ತಟ್ಟೆ ಇರುತ್ತದೆ. ಫಿಫ್ತ್ ವೀಲ್ ಎಂದರೆ ಇದೇ. ಟ್ರೈಲರಿನ ಮುಂಭಾಗದ ಅಡಿಯಿಂದ ಇಳಿದಿರುವ, ಸಾಮಾನ್ಯವಾಗಿ 2 ಅಂಗುಲ ವ್ಯಾಸದ ಕಿಂಗ್ ಪಿನ್ ಎಂಬ ಗೂಟ ಆ ಬಾಯಿಯೊಳಕ್ಕೆ ಬಂದಾಗ ದವಡೆಗಳು ಅದನ್ನು ಕಚ್ಚಿ ಹಿಡಿಯುತ್ತವೆ. ಹೊರೆಯ ಒಂದು ಪಾಲನ್ನು ಹೊರುವುದೂ ತಿರುವಿನಲ್ಲಿ ತಿರುಗುವುದೂ ಈ ತಟ್ಟೆಯ ಮೇಲೆಯೇ ಆದ್ದರಿಂದ ಅದಕ್ಕೆ ಗ್ರೀಸ್ ಬೇಕು. ಆದರೆ ಚಳ್ಳಕೆರೆ ಸೀಮೆಯ ಗಾಳಿಯಲ್ಲಿ ಮಣ್ಣಿನ ಧೂಳು ಗ್ರೀಸಿಗೆ ಸೇರಿ ಉಕ್ಕನ್ನೇ ಸವೆಸುತ್ತದೆ. ಹಳೆಯದನ್ನು ಒರೆಸಿ ತೆಗೆಯದೆ ಹೊಸದನ್ನು ಬಳಿಯುವುದರಿಂದ ಪ್ರಯೋಜನ ಕಡಿಮೆ.

ಕೊಂಡಿ ಹಾಕುವಾಗ ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಎತ್ತರಕ್ಕೆ. ಟ್ರೈಲರನ್ನು ನಿಲ್ಲಿಸಿರುವ ಮುಂಗಾಲುಗಳನ್ನು ಹ್ಯಾಂಡಲ್ ತಿರುಗಿಸಿ ಏರಿಳಿಸಬಹುದು. ಲಾರಿ ಹಿಂದಕ್ಕೆ ಬಂದಾಗ ತಟ್ಟೆಯು ಟ್ರೈಲರಿನ ತಳವನ್ನು ತಾಗಿ ತುಸು ಮೇಲೆತ್ತುವಷ್ಟು ಟ್ರೈಲರ್ ತಗ್ಗಿನಲ್ಲಿರಬೇಕು. ಟ್ರೈಲರ್ ಎತ್ತರದಲ್ಲಿದ್ದರೆ ಗೂಟವು ದವಡೆಗಳ ಮೇಲೇ ಹಾದುಹೋಗಬಹುದು, ಅಥವಾ ಅದರ ತುದಿಯಷ್ಟೇ ಸಿಕ್ಕಿಕೊಂಡು, ದವಡೆ ಮುಚ್ಚಿದ ಸದ್ದು ಕೇಳಿಸಿದರೂ ಹಿಡಿತ ಬಿಗಿಯಾಗದೆ, ಮುಂದಿನ ಹಂಪಿನಲ್ಲೋ ಇಳಿಜಾರಿನಲ್ಲೋ ಟ್ರೈಲರ್ ಕಳಚಿಕೊಳ್ಳಬಹುದು. ಆದಕಾರಣ ಸದ್ದನ್ನು ನಂಬುವಂತಿಲ್ಲ. ಟ್ರೈಲರಿನ ಬ್ರೇಕ್ ಹಿಡಿದಿಟ್ಟು ಲಾರಿಯನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಿದ ಮೇಲೆ, ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಟಾರ್ಚ್ ಹಿಡಿದು ಅಡಿಯಲ್ಲಿ ಬಗ್ಗಿ ನೋಡಲೇಬೇಕು: ತಟ್ಟೆಗೂ ಟ್ರೈಲರಿನ ತಳಕ್ಕೂ ನಡುವೆ ಬೆಳಕು ಕಾಣಬಾರದು, ದವಡೆ ಗೂಟದ ಹಿಂದೆ ಮುಚ್ಚಿರಬೇಕು, ಲಾಕಿನ ಹಿಡಿ ಪೂರ್ತಿ ಒಳಗೆ ಸರಿದಿರಬೇಕು. ಬ್ರೇಕಿನ ಗಾಳಿ ಪೈಪುಗಳೂ ದೀಪಗಳ ವೈರೂ ಸೇರಿರುವುದನ್ನು ಖಚಿತಪಡಿಸಿಕೊಂಡು ಮುಂಗಾಲುಗಳನ್ನು ಪೂರ್ತಿ ಮೇಲೆತ್ತಬೇಕು.

ಲಾರಿ ಹಿಂದಕ್ಕೆ ಬರುವಾಗ ಎರಡು ಗಾಡಿಗಳ ನಡುವೆ ಕ್ಲೀನರನ್ನು ನಿಲ್ಲಿಸುವ ವಾಡಿಕೆ ಎಲ್ಲಿದ್ದರೂ ಅದನ್ನು ಇಂದೇ ಬಿಡಬೇಕು. ಡ್ರೈವರಿನ ಕನ್ನಡಿಗೆ ಕಾಣುವಂತೆ ಪಕ್ಕಕ್ಕೆ ದೂರ ನಿಂತು ಸನ್ನೆ ಮಾಡಿದರೆ ಸಾಕು, ಆತನ ಜೀವಕ್ಕಿಂತ ಯಾವ ಸರಕೂ ದೊಡ್ಡದಲ್ಲ.

ಬಿಚ್ಚುವಾಗಿನ ಅಪಾಯ ನೆಲದಲ್ಲಿದೆ. ಮಳೆ ಬಿದ್ದ ಎರೆಭೂಮಿಯಲ್ಲಿ, ಸಡಿಲ ಕೆಂಪು ಮಣ್ಣಿನಲ್ಲಿ, ಬೇಸಿಗೆಯಲ್ಲಿ ಮೆತ್ತಗಾದ ಡಾಂಬರಿನಲ್ಲಿ ಕೂಡ ಮುಂಗಾಲು ಹೂತುಹೋಗಬಹುದಾದ್ದರಿಂದ, ಸಮತಟ್ಟಾದ ಗಟ್ಟಿ ಜಾಗವನ್ನು ಆರಿಸಿ ಅಡಿಯಲ್ಲಿ ದಪ್ಪ ಹಲಗೆ ಇಡುವುದು ಒಳಿತು. ಗಾಳಿ ಪೈಪು ತೆಗೆದಾಗ ಟ್ರೈಲರಿನ ಬ್ರೇಕ್ ತಾನಾಗಿ ಹಿಡಿಯುತ್ತದೆಯಾದರೂ, ಕೆಲವು ಟ್ರೈಲರುಗಳಲ್ಲಿ ಟ್ಯಾಂಕಿನ ಗಾಳಿ ಹೊತ್ತು ಕಳೆದಂತೆ ಸೋರಿ ಹಿಡಿತ ಸಡಿಲವಾಗುವುದರಿಂದ, ಅದಕ್ಕೂ ಮೊದಲೇ ಚಕ್ರಗಳಿಗೆ ಅಡೆ ಕೊಟ್ಟಿರಬೇಕು. ಮುಂಗಾಲುಗಳನ್ನು ಇಳಿಸಿ, ಪೈಪು, ವೈರು ಬಿಚ್ಚಿ, ಲಾಕಿನ ಹಿಡಿಯನ್ನು ಎಳೆದ ನಂತರ ಲಾರಿಯನ್ನು ಒಮ್ಮೆಲೇ ಹೊರಗೆ ಓಡಿಸದೆ, ಗೂಟ ಬಾಯಿಯಿಂದ ಹೊರಬಂದರೂ ಚಾಸಿ ಇನ್ನೂ ಟ್ರೈಲರಿನ ಅಡಿಯಲ್ಲಿರುವಾಗಲೇ ನಿಲ್ಲಿಸಬೇಕು. ಮುಂಗಾಲು ಕುಸಿದರೆ ಆ ಭಾರವನ್ನು ಚಾಸಿಯಾದರೂ ತಡೆಯುತ್ತದೆ, ಕುಸಿಯಲಿಲ್ಲವೆಂದು ಇಳಿದು ನೋಡಿ ತಿಳಿದ ಮೇಲಷ್ಟೇ ಲಾರಿಯನ್ನು ಪೂರ್ತಿ ಹೊರಗೆ ತರಬೇಕು.