ಓದುಗನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ

ಉರಿಯುತ್ತಿರುವ ಮೇಣದಬತ್ತಿಯನ್ನು ಮೆಲ್ಲನೆ ಊದಿ ನಂದಿಸಿದರೆ ಬಿಳಿಯ ಎಳೆಯೊಂದು ಮೇಲೇಳುವುದನ್ನು ನೀವೆಲ್ಲರೂ ಕಂಡಿದ್ದೀರಿ. ಕೂಡಲೇ ಎರಡು ಅಂಗುಲ ಮೇಲೆ ಆ ಎಳೆಗೆ ಉರಿಯುವ ಕಡ್ಡಿಯನ್ನು ಹಿಡಿದರೆ, ಮುಟ್ಟಿಸದೆಯೇ ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಇದು ಹೇಗೆ?

ಈಗ ನಿಮ್ಮ ಮನಸ್ಸು ಉತ್ತರವನ್ನು ಬಯಸುತ್ತಿದೆಯಲ್ಲವೆ? ತಿಳಿದುದಕ್ಕೂ ತಿಳಿಯಬೇಕಾದುದಕ್ಕೂ ನಡುವೆ ತೆರವು ಕಂಡಾಗ ಕುತೂಹಲ ಹುಟ್ಟುವುದೆಂದು ಅಮೆರಿಕದ ವಿದ್ವಾಂಸ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಿವರಿಸಿದರು. ಏನೂ ಅರಿಯದವನಿಗೆ ಆ ತೆರವೇ ಕಾಣದು. ಆದುದರಿಂದ ಲೇಖಕನು ಮೊದಲು ಕೊಂಚ ತಿಳಿಸಿ, ಬಳಿಕ ಪ್ರಶ್ನಿಸಬೇಕು. ಮೈಕೆಲ್ ಫ್ಯಾರಡೆಯು ಲಂಡನ್ನಿನಲ್ಲಿ 1860-61ರ ಕ್ರಿಸ್‌ಮಸ್ ಕಾಲದಲ್ಲಿ ಎಳೆಯರಿಗಿತ್ತ ಆರು ಉಪನ್ಯಾಸಗಳಿಗೆ ಎಲ್ಲರೂ ಬಲ್ಲ ಮೇಣದಬತ್ತಿಯನ್ನೇ ವಿಷಯವಾಗಿ ಆರಿಸಿಕೊಂಡನು. ಮೇಲಿನ ಪ್ರಯೋಗವನ್ನೂ ಅಲ್ಲಿ ತೋರಿಸಿದನು.

ಜಾಹೀರಾತು ಬರೆಯುವವರಿಗೂ ಈ ಉಪಾಯ ಗೊತ್ತು. ಆದರೆ ಪ್ರಶ್ನೆಯೆಂಬುದು ಓದುಗನಿಂದ ಪಡೆದ ಸಾಲ. ಉತ್ತರವಿತ್ತು ಅದನ್ನು ತೀರಿಸದ ಲೇಖಕನನ್ನು ಓದುಗನು ಮತ್ತೊಮ್ಮೆ ನಂಬಲಾರನು.

ನಮ್ಮ ಸಾಲವನ್ನು ತೀರಿಸೋಣ. ಆ ಬಿಳಿಯ ಎಳೆ ಬರಿಯ ಹೊಗೆಯಲ್ಲ. ಬಿಸಿಬತ್ತಿಯಿಂದೇಳುವ ಮೇಣದ ಆವಿ. ಮೇಣದಬತ್ತಿಯಲ್ಲಿ ಉರಿಯುವುದೂ ಆ ಆವಿಯೇ. ಕಡ್ಡಿಯ ಜ್ವಾಲೆ ಅದಕ್ಕೆ ತಗಲಿ, ಎಳೆಯ ಗುಂಟ ಕೆಳಗಿಳಿದು ಬತ್ತಿಯನ್ನು ಸೇರುತ್ತದೆ.