ಬಾಡಿಗೆ ಮನೆ: ಆದಾಯವೆಷ್ಟು, ಅಪಾಯವೆಷ್ಟು?

ನಿವೃತ್ತಿಯ ಹಣ ಕೈಗೆ ಬಂದಾಗ, ಇಲ್ಲವೇ ಊರಿನ ಜಮೀನು ಮಾರಾಟವಾಗಿ ಪಾಲು ದೊರೆತಾಗ, ನಮ್ಮ ಕುಟುಂಬಗಳಲ್ಲಿ ಮೊದಲು ಏಳುವ ಮಾತು ಒಂದೇ: “ಪಟ್ಟಣದಲ್ಲೊಂದು ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಹೇಗೆ?” ಈ ಆಲೋಚನೆ ತಪ್ಪಲ್ಲ. ಮನೆ ಕಣ್ಣೆದುರಿಗೆ ನಿಂತಿರುತ್ತದೆ, ತಿಂಗಳಿಗೊಮ್ಮೆ ಹಣ ಬರುತ್ತದೆ ಎಂಬ ಧೈರ್ಯ ಸಹಜವಾದುದು. ಆದರೆ ಜೀವಮಾನದ ಉಳಿತಾಯವನ್ನು ಒಂದೇ ಕಟ್ಟಡದಲ್ಲಿ ತೊಡಗಿಸುವ ಮುನ್ನ ಗಂಡಹೆಂಡಿರಿಬ್ಬರೂ ಕುಳಿತು ಲೆಕ್ಕ ಹಾಕುವುದು ಅವಶ್ಯ.

ಕೈಯಲ್ಲಿ ಉಳಿಯುವುದೆಷ್ಟು?

ಎಲ್ಲ ವೆಚ್ಚವೂ ಸೇರಿ 60 ಲಕ್ಷ ರೂ. ತಗಲಿದ ಮನೆಗೆ ತಿಂಗಳಿಗೆ 18,000 ರೂ. ಬಾಡಿಗೆ ಎಂದು ಭಾವಿಸೋಣ. ವರ್ಷಕ್ಕೆ 2,16,000 ರೂ.; ಹೂಡಿದ ಹಣದ ಮೇಲೆ ಶೇ. 3.6. ಬಾಡಿಗೆದಾರರು ಬದಲಾಗುವಾಗ ಒಂದು ತಿಂಗಳು ಮನೆ ಖಾಲಿ ಉಳಿದು, ಆಸ್ತಿ ತೆರಿಗೆ, ಸುಣ್ಣಬಣ್ಣ, ದುರಸ್ತಿಗಳಿಗೆ 30,000 ರೂ. ವ್ಯಯವಾದರೆ ಉಳಿಯುವುದು 1,68,000 ರೂ., ಅಂದರೆ ಶೇ. 2.8 ಮಾತ್ರ. ಇದರ ಮೇಲೆ ಆದಾಯ ತೆರಿಗೆಯೂ ಉಂಟು. ಆದರೆ ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದ ಬಳಿಕ ಉಳಿದ ಬಾಡಿಗೆಯಲ್ಲಿ ಶೇ. 30ರಷ್ಟಕ್ಕೆ ಕಾನೂನು ವಿನಾಯಿತಿ ನೀಡುತ್ತದೆ.

ಸಾಲ ಮಾಡಿ ಕೊಳ್ಳುವವರ ಲೆಕ್ಕ ಇನ್ನೂ ಬಿಗಿಯಾದುದು. ಅದೇ ಮನೆಗೆ 40 ಲಕ್ಷ ರೂ. ಸಾಲವನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 34,700 ರೂ. ಬಾಡಿಗೆಯಿಂದ ತೀರುವುದು ಅದರ ಅರ್ಧದಷ್ಟು. ಮಿಕ್ಕದ್ದನ್ನು ಸಂಬಳದಿಂದಲೇ ತುಂಬಬೇಕು.

“ಬಾಡಿಗೆ ಕಡಿಮೆಯಾದರೇನು, ಬೆಲೆ ಏರುತ್ತದಲ್ಲ” ಎನ್ನುವವರುಂಟು. ಏರುವುದು ನೆಲದ ಬೆಲೆ; ಕಟ್ಟಡವಾದರೋ ವರ್ಷ ಕಳೆದಂತೆ ಹಳತಾಗುತ್ತದೆ. ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಳ್ಳುವವರು ತಮ್ಮ ಪಾಲಿಗೆ ಬರುವ ಭೂಮಿ ಎಷ್ಟೆಂಬುದನ್ನು ಕ್ರಯಪತ್ರದಲ್ಲಿ ನೋಡಬೇಕು. ಏರಿದ ಬೆಲೆಯೂ ಮಾರಿದ ದಿನವೇ ಕೈಗೆ ಬರತಕ್ಕದ್ದು. ಆಸ್ಪತ್ರೆಯ ಖರ್ಚು ಬಂದಾಗ ಮನೆಯ ಒಂದು ಕೋಣೆಯನ್ನಷ್ಟೇ ಮಾರಲಾಗದು.

ಕಾಣದ ಅಪಾಯಗಳು

2020ರಲ್ಲಿ ಕೊರೋನಾ ಹರಡಿದಾಗ ಬೆಂಗಳೂರಿನ ಕಂಪನಿಗಳ ನೌಕರರು ಊರುಗಳಿಗೆ ಮರಳಿದರು; ಅವರನ್ನೇ ನಂಬಿದ್ದ ಪಿ.ಜಿ.ಗಳೂ ಮನೆಗಳೂ ತಿಂಗಳುಗಟ್ಟಲೆ ಖಾಲಿ ಬಿದ್ದವು. 2022ರ ಬಳಿಕ ಬಾಡಿಗೆ ಮತ್ತೆ ಭರದಿಂದ ಏರಿತು. ಆ ನಡುವಿನ ಕಾಲವನ್ನು ತಾಳಿಕೊಂಡವರು ಉಳಿದರು. ಕಂತು ಕಟ್ಟಲಾರದವರಿಗೆ ಆ ಏರಿಕೆಯಿಂದ ಪ್ರಯೋಜನವಾಗಲಿಲ್ಲ.

ಮುಂಗಡ ಹಣವನ್ನು ಆದಾಯವೆಂದು ಬಗೆಯುವುದು ಇನ್ನೊಂದು ಅಪಾಯ. ಅದು ಹಿಂದಿರುಗಿಸಬೇಕಾದ ಸಾಲ. ಭೋಗ್ಯಕ್ಕೆ ಕೊಡುವವರಂತೂ ಈ ಮಾತನ್ನು ಮರೆಯಲೇಬಾರದು. ಬಾಡಿಗೆಯಿಲ್ಲದೆ ಒಟ್ಟಿಗೆ ಪಡೆದ ದೊಡ್ಡ ಮೊತ್ತವನ್ನು ಮಗಳ ಮದುವೆಗೆ ವ್ಯಯಿಸಿದರೆ, ಅವಧಿ ಮುಗಿದಾಗ ಕೊಡುವುದೆಲ್ಲಿಂದ?

ಪತ್ರಗಳ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಮೂಲಪತ್ರ, ಖಾತೆ, ಋಣಭಾರ ಪ್ರಮಾಣಪತ್ರ, ಮಂಜೂರಾದ ನಕ್ಷೆ ಇವನ್ನು ವಕೀಲರಿಗೆ ತೋರಿಸಿಯೇ ಮುಂಗಡ ಕೊಡಬೇಕು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ರೂಢಿಗೆ ಇದೇ ಕಾರಣ. ಬಾಡಿಗೆದಾರರು ಬಂಧುಗಳೇ ಆಗಿರಲಿ, ಕರಾರು ಬರೆಹದಲ್ಲಿರಲಿ. ಬಾಯಿಮಾತಿನ ಒಪ್ಪಂದದಿಂದ ಹಣವೂ ಹೋಗಬಹುದು, ನೆಂಟಸ್ತಿಕೆಯೂ ಕೆಡಬಹುದು.

ಹಾಗಾದರೆ ಮನೆ ಕೊಳ್ಳಲೇಬಾರದೇ? ಕೊಳ್ಳಬಹುದು, ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದರೆ. ಆರು ತಿಂಗಳು ಬಾಡಿಗೆ ಬಾರದಿದ್ದರೂ ಮನೆಯ ಒಲೆ ಉರಿಯಬೇಕು, ಮಕ್ಕಳ ಶಾಲೆಯ ಶುಲ್ಕ ತಪ್ಪಬಾರದು, ಸಾಲದ ಕಂತು ನಿಲ್ಲಬಾರದು. ಅಷ್ಟು ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇರಿಸಿದ ಮೇಲೆ ಉಳಿದುದರಲ್ಲಿ ಕೊಳ್ಳುವವರಿಗೆ ಬಾಡಿಗೆ ಮನೆ ಮುಪ್ಪಿನ ಕಾಲದ ಆಸರೆಯಾದೀತು. ಅದಿಲ್ಲದೆ ಕೊಂಡವರಿಗೆ ಆಸರೆಯಾಗಬೇಕಾದ ಮನೆಯೇ ಹೊರೆಯಾಗುತ್ತದೆ.